ಐದನೆಯ ದಿನದ ಬಟ್ಟೆ

ರೆಡ್‌ವುಡ್ ಸಿಟಿ
ಮಾರ್ಚ್ ೧೯೮೬, ಶನಿವಾರ

ರೀ,

ಕೆಳಗಿನ ಮನೆಯ ಎಲ್ವೀರಾಳ ಗಂಡ ಮಂಗಳವಾರ ತೀರಿಕೊಂಡರು. ಇವತ್ತು ಅವರ ಬಟ್ಟೆಗಳನ್ನೆಲ್ಲ ಅಪಾರ್ಟ್‌ಮೆಂಟಿನ ವಾಷಿಂಗ್ ಮಿಷನ್ನಿಗೆ ತುಂಬಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಪೆರುವಿನ ಆಂಡಿಸ್ ಬೆಟ್ಟದಲ್ಲಿ ಅವಳ ಊರು. ಬೆಳ್ಳಿಯ ಗಣಿಗೆಂದು ಬಂದವರು ಬೆಳ್ಳಿ ಮುಗಿದೊಡನೆ ಹೊರಟುಹೋದರಂತೆ. ಉಳಿದವರ ಪಾಲಿಗೆ ಎರಡು ಕಡಿದಾದ ಬೀದಿ, ಒಂದು ತಣ್ಣನೆಯ ಹೊಳೆ. ಸತ್ತವರ ಬಟ್ಟೆಯನ್ನು ಐದನೆಯ ದಿನ ಎಲ್ಲರೂ ಸೇರಿ ಆ ಹೊಳೆಯಲ್ಲಿ ಒಗೆಯುತ್ತಾರೆ. ಒಗೆಯದಿದ್ದರೆ ಹೋದವರು ಬಾಗಿಲಲ್ಲೇ ನಿಂತಿರುತ್ತಾರಂತೆ.

"ಇಲ್ಲಿ ಹೊಳೆ ಎಲ್ಲಿಂದ ತರ್ಲಿ?" ಎಂದಳು. ಆಮೇಲೆ, "ನಿಂದೂ ಏನಾದ್ರೂ ಇದ್ರೆ ಹಾಕು, ಜಾಗ ಇದೆ."

ಏನೂ ಇಲ್ಲ ಎಂದು ಮೇಲೆ ಬಂದೆ. ಕೊಳೆಬಟ್ಟೆಯ ಬುಟ್ಟಿಯ ತಳದಿಂದ ನಿಮ್ಮ ನೀಲಿ ಶರಟು ತೆಗೆದುಕೊಂಡು ಕೆಳಗಿಳಿದೆ, ಅರ್ಧ ಮೆಟ್ಟಿಲಿಂದ ವಾಪಸು ಹತ್ತಿದೆ. ಹೀಗೆ ನಾಲ್ಕು ಸಲ.

ಐದು ತಿಂಗಳ ಹಿಂದೆ, ಆಫೀಸಿನಲ್ಲೇ ಉಸಿರು ನಿಂತು ನೀವು ಮನೆಗೆ ಬಾರದೇ ಹೋದ ಆ ದಿನ, ಬೆಳಿಗ್ಗೆ ಹೊರಡುವಾಗ ಹೇಳಿದ್ದಿರಿ: "ಇದೊಂದು ಒಗೆದಿಡೇ."

"ಯಾಕೆ, ನಿಮ್ಮ ಕೈಗೇನಾಗಿದೆ?" ಎಂದಿದ್ದೆ.

ಶರಟನ್ನು ಮತ್ತೆ ಬುಟ್ಟಿಗೇ ಹಾಕಿದ್ದೇನೆ. ಬಾಗಿಲಿಗೆ ಚಿಲಕ ಹಾಕಿಲ್ಲ.

ನಿರುಪಮಾ