ಬ್ರೆಡ್ಡಿಗೆ ತಾರೀಖು ಒತ್ತುವವನು

ಶಾಲೆ ಬಿಟ್ಟಿದ್ದಕ್ಕೇ ಹೀಗಾಯ್ತು ಅಂತ ಶುರು ಮಾಡ್ಬೇಡಪ್ಪ. ನಂಗೆ ಓದೋಕೆ ಬರುತ್ತೆ. ಈ ಪರದೇಶದ ಬೇಕರಿಯಲ್ಲಿ ದಿನಾ ಬ್ರೆಡ್ ಪ್ಯಾಕೆಟ್ ಮೇಲೆ ತಾರೀಖು ಒತ್ತೋನೇ ನಾನು. ವೀಸಾದ ಮೇಲಿರೋ ತಾರೀಖು ನೋಡ್ಕೊಂಡು ನೆಮ್ಮದಿಯಾಗಿದ್ದೆ. ಎಷ್ಟು ದಿನ ಇರಬಹುದು ಅನ್ನೋ ಲೆಕ್ಕ ಅದಲ್ಲವಂತೆ, ಇಲ್ಲಿ ಇಳಿದಾಗ ಒತ್ತಿದ ಸೀಲಿನದಂತೆ. ಅದು ಯಾವತ್ತೋ ಮುಗಿದಿತ್ತು. ಗೊತ್ತಾಗಿದ್ದು ನೀನು ತೀರ್ಕೊಂಡ ದಿನ, ಊರಿಗೆ ಬರೋಕೆ ಟಿಕೆಟ್ ತಗೊಳ್ಳೋಣ ಅಂತ ಪಾಸ್‌ಪೋರ್ಟ್ ತೆಗೆದಾಗ.

"ಏರ್‌ಪೋರ್ಟಲ್ಲಿ ಹಿಡ್ಕೋತಾರೆ, ತೆಪ್ಪಗಿರು" ಅಂದ ಮಾಲೀಕ, ಅವನೂ ನಮ್ಮ ಕಡೆಯವನೇ. ತೆಪ್ಪಗಿದ್ದೆ. ನಿನ್ನ ಕಾರ್ಯ ಎಲ್ಲಾ ತಮ್ಮನೇ ಮಾಡಿದನಂತೆ.

ಇವತ್ತು ಬೆಳಿಗ್ಗೆ ಪಾಸ್‌ಪೋರ್ಟ್ ಜೇಬಿಗೆ ಹಾಕ್ಕೊಂಡು, ವಲಸೆ ಕಚೇರಿಗೆ ನಾನೇ ಹೋಗಿ ಹೇಳ್ತೀನಿ ಅಂತ ಮಾಲೀಕನಿಗೆ ಅಂದೆ.

"ತಲೆ ಕೆಟ್ಟಿದೆಯೇನೋ? ದಂಡ ಹಾಕಿ ಓಡಿಸ್ತಾರೆ. ಹಿಟ್ಟಿನ ರೂಮಲ್ಲಿರು, ಯಾರೂ ನೋಡಲ್ಲ."

"ಹಳಸಿದ ಬ್ರೆಡ್ ಬಚ್ಚಿಟ್ಟ ಹಾಗೆ ನನ್ನೂ ಬಚ್ಚಿಡ್ತೀರಾ ಅಣ್ಣಾ?"

"ಲೋ, ನಾಳೆ ತಾರೀಖು ಯಾರೋ ಒತ್ತೋದು?"

"ನೀವೇ ಒತ್ತಿ, ಕಣ್ಣಿದೆಯಲ್ಲ!"

ಓಡಿಸಿದ್ರೆ ಓಡಿಸ್ಲಿ ಬಿಡಪ್ಪ, ಮನೆಗೇ ತಾನೇ. ಬಾಗಿಲು ಎಷ್ಟು ಜೋರಾಗಿ ಎಳ್ಕೊಂಡು ಬಂದೆ ಅಂದ್ರೆ, ಒಳಗೆ ತಟ್ಟೆಗಳೆಲ್ಲ ಧಡಧಡ ಅಂತ ಬಿದ್ದವು.