ಬೀನ್ಸ್ ಪಾಯಸದ ಚಕ್ರಮೊಗ್ಗು

ಸಾಂತಿಯಾಗೊ, ದೊಮಿನಿಕನ್ ಗಣರಾಜ್ಯ
ಮಾರ್ಚ್ ೧೪, ಶುಕ್ರವಾರ

ನನ್ನ ಮುದ್ದು ಅಮ್ಮಾ,

ಮಂಡಿನೋವು ಹೇಗಿದೆ? ಮ್ಯಾಡ್ರಿಡ್‌ನ ಚಳಿ ಇಳಿಯಿತಾ? ನೀನು ನೋಡಿಕೊಳ್ಳುವ ಆ ಮುದುಕಿ ಈಗಲಾದರೂ ನಿನ್ನನ್ನು ಹೆಸರು ಹಿಡಿದು ಕರೆಯುತ್ತಾಳಾ? ನಾನಂತೂ ಸುಖವಾಗಿದ್ದೇನೆ, ನಂಬು! ಮದುವೆಯಾಗಿ ಎರಡು ತಿಂಗಳಾದರೂ ಫ್ರೈಲಿನ್ ಕೆಲಸದಿಂದ ಬಂದೊಡನೆ ನನ್ನನ್ನು ಅಡುಗೆಮನೆಯಲ್ಲೇ ಕುಣಿಸುತ್ತಾನೆ. ಅನ್ನ ಸೀದು ಹೋಗುವಷ್ಟು!

ಬೇಸರ ಒಂದೇ, ಅವನ ಫೋನು. ಅದರಲ್ಲಿ 'ತಾಯ್ನಾಡಿನ ಕಾವಲು' ಅಂತ ಒಂದು ಗುಂಪಿದೆ. ಮೊದಲು ಬರೀ ಬೇಸ್‌ಬಾಲ್ ಜೋಕುಗಳಿದ್ದವು, ನಾನೂ ನಗುತ್ತಿದ್ದೆ. ಆಮೇಲೆ ಬಾಲ್ಕನಿಗೆ ಬಾವುಟ ಕಟ್ಟಿ ಫೋಟೊ ಹಾಕಿದವರಿಗೆ 'ಸಿಪಾಯಿ' ಬಿರುದು ಬಂತು. ಗಡಿಯಾಚೆಯ ಹೈತಿಯವರನ್ನು ಬೈದು ವಿಡಿಯೊ ಮಾಡಿದವರಿಗೆ 'ನಾಯಕ'. ಗೋದಾಮಿನಲ್ಲಿ ಎಲ್ಲರೂ "ಏ ಗಿಡ್ಡಾ" ಎಂದು ಕೂಗುವ ನನ್ನ ಗಂಡ ಅಲ್ಲಿ ನಾಯಕ, ಅಮ್ಮಾ! ಅವರ್‍ಯಾರೂ ಅವನನ್ನು ಕಂಡವರಲ್ಲ. ಆದರೂ ಅವರು ಮೆಚ್ಚಿದರೆ ಅವನಿಗೆ ಊಟ ರುಚಿಸುತ್ತದೆ, ಸುಮ್ಮನಿದ್ದರೆ ನಿದ್ದೆ ಹತ್ತುವುದಿಲ್ಲ.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲವಾ, ಮೊನ್ನೆ ಕೆಂಪು ಬೀನ್ಸ್ ಪಾಯಸ ಮಾಡಿದೆ. ತೆಂಗಿನ ಹಾಲು, ಸಿಹಿಗೆಣಸು, ಚಕ್ರಮೊಗ್ಗು, ಮೇಲೆ ಹಾಲಿನ ಬಿಸ್ಕತ್ತು, ಎಲ್ಲ ನೀನು ಕಲಿಸಿದಂತೆಯೇ. ಅಕ್ಕಪಕ್ಕದವರಿಗೂ ಬಟ್ಟಲು ಕಳಿಸಿದೆ. ಪಕ್ಕದ ಮನೆಯ ಹಿರಿಯಾಕೆ ದೋನ್ಯಾ ಮಿನೆರ್ವಾ ಗೋಡೆಯಾಚೆಯಿಂದಲೇ, "ಏನೇ ಮದುಮಗಳೇ, ಇಷ್ಟೇನಾ? ಉಳಿದಿದ್ದನ್ನ ಗಂಡ ನೆಕ್ಕಿಬಿಟ್ನಾ?" ಎಂದು ಕೂಗಿದಳು. ಫ್ರೈಲಿನ್ ನಾನು ಪಾಯಸ ಕಲಕುವ ವಿಡಿಯೊ ಗುಂಪಿಗೆ ಹಾಕಿ, "ನನ್ ಹೆಂಡ್ತಿ ಕೈಯಿಂದ ಅಪ್ಪಟ ದೇಶದ ರುಚಿ" ಎಂದು ಬರೆದ. ಸೌಟಿನಲ್ಲಿದ್ದ ಚಕ್ರಮೊಗ್ಗು ಯಾರದೋ ಕಣ್ಣಿಗೆ ಬಿತ್ತು. "ನಾಯಕರೇ, ಪಾಯಸಕ್ಕೆ ಚಕ್ರಮೊಗ್ಗು ಹಾಕೋದು ಹೈತಿಯವರಲ್ವಾ? ಅತ್ತೆ ಮನೆ ಬೇರು ಕೆದಕಿ ನೋಡಿದೀರೋ ಇಲ್ವೋ?" ಸಂಜೆಯೊಳಗೆ ಗುಂಪಿಗೆ ಗುಂಪೇ ನಕ್ಕಿತು. ಫ್ರೈಲಿನ್ ತನ್ನ ಬಟ್ಟಲು ಮುಟ್ಟಲಿಲ್ಲ. "ಚಿನ್ನಾ, ನಾನು ಹೊಡೆದಾಡ್ತಿರೋದು ನಿನ್ ಮಾನಕ್ಕೇ ಕಣೇ" ಅಂದ. ಅಷ್ಟು ಪ್ರೀತಿಯಿಂದ ಅಂದದ್ದಕ್ಕೇ ನನಗೆ ಹೆದರಿಕೆ.

ಕಾಗದದ ಮೊದಲಿಗೇ ನಿನ್ನ ಆಶೀರ್ವಾದ ಕೇಳಬೇಕಿತ್ತು, ಮರೆತೆ. ಈಗ ಕೊಡು, ಈ ಸಲ ಸ್ವಲ್ಪ ಹೆಚ್ಚೇ ಬೇಕು.

ನಿನ್ನ ಹುಚ್ಚು ಹುಡುಗಿ,
ಯೋಕಾಸ್ತಾ

ಮತ್ತೆ: ಇದನ್ನು ಫೋನಿನಲ್ಲಿ ಹೇಳಲಾರೆ, ಅವನು ಪಕ್ಕದಲ್ಲೇ ಇರುತ್ತಾನೆ. ಅದಕ್ಕೇ ನಾಳೆ ವಿಮಾನ ಹತ್ತುವ ಗೆಳತಿಯ ಕೈಯಲ್ಲಿ ಕಾಗದ. ಮುಂದಿನ ಭಾನುವಾರ ಅವನು ನಿನಗೆ ವಿಡಿಯೊ ಕರೆ ಮಾಡಿ, ನಿನ್ನ ಅಮ್ಮ ಯಾವ ಊರಿನವಳೆಂದು ಕೇಳುತ್ತಾನೆ. ರೆಕಾರ್ಡ್ ಮಾಡಿ ಗುಂಪಿಗೆ ಹಾಕುತ್ತಾನಂತೆ. ಸೊಲಾಂಜ್ ಅಜ್ಜಿ ಹೈತಿಯಿಂದ ಬಂದವಳೆಂದು ಅವನಿಗೆ ಗೊತ್ತಿಲ್ಲ. ಸುಳ್ಳು ಹೇಳು ಎಂದು ಬೇಡಲೆಂದೇ ಬರೆಯಲು ಕೂತಿದ್ದೆ. ಬೇಡಮ್ಮಾ. ಮೊದಲು ರೆಕಾರ್ಡಿಂಗ್ ನಿಲ್ಲಿಸು ಅನ್ನು. ನಿಲ್ಲಿಸಿದರೆ ನಿಜ ಹೇಳು. ನಿಲ್ಲಿಸದಿದ್ದರೆ ಕರೆ ಕತ್ತರಿಸಿ ಮಿನೆರ್ವಾ ಮನೆಗೆ ಫೋನ್ ಮಾಡು. ನಾನು ಅಲ್ಲಿರುತ್ತೇನೆ.