ನದಿಯ ತಿರುವಿನಲ್ಲಿ ಚುಕ್ಕಿಯಿಲ್ಲ

ಶೋಧ ತಂಡದ ಮುಖ್ಯಸ್ಥರಿಗೆ,

ಸಲಾಂ. ನಿನ್ನೆ ನದಿಯ ತಿರುವಿನಲ್ಲಿ ಅಗೆಯಿರಿ ಎಂದು ನಾನು ಕೇಳಿದಾಗ ನೀವು ಮನೆಗೊಂದು ಚುಕ್ಕಿಯಿಟ್ಟ ಜನಸಂಖ್ಯೆಯ ನಕ್ಷೆ ಹರಡಿ, "ಆ ತಿರುವಲ್ಲಿ ಒಂದು ಚುಕ್ಕಿನೂ ಇಲ್ಲ ಅಜ್ಜಿ, ಅಲ್ಲಿ ಯಾರೂ ಇರ್ಲಿಲ್ಲ. ನಿಮ್ಮ ಮಗಳು ನಿಮ್ಮನೇಲೇ ಅಲ್ವಾ ಇರೋದು?" ಎಂದಿರಿ. ಜನರ ಮುಂದೆ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ನಕ್ಷೆಯಲ್ಲಿರುವ ತಪ್ಪು ನನ್ನದು.

ಒಂದೇ ಕುಲದವರು ನಮ್ಮಲ್ಲಿ ಅಣ್ಣ-ತಂಗಿಯರಿದ್ದಂತೆ; ಮಗಳು ಯುಸ್ಮಾರ್ನಿ ನಮ್ಮದೇ ಕುಲದವನನ್ನು ಮದುವೆಯಾಗಿ ಐದು ವರ್ಷದ ಹಿಂದೆ ಮನೆ ಬಿಟ್ಟಳು. ಸುಮಾತ್ರಾದ ನಮ್ಮ ಮಿನಾಂಗ್ ಜನರಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುವಂಥದು; ಅವಳೇ ಹೊರಟುಹೋದರೆ ತಾಯಿ ತಲೆ ಎತ್ತುವಂತಿಲ್ಲ. ಮರುವರ್ಷ ಗಣತಿಯ ಹುಡುಗಿ ಬಂದಾಗ ಮನೆಯಲ್ಲಿ ನಾನೂ ಮಗಳೂ ಇಬ್ಬರಿದ್ದೇವೆ ಎಂದೆ.

"ತಟ್ಟೆ ಒಂದೇ ಕಾಣ್ತಿದೆಯಲ್ಲ ಅಜ್ಜಿ?"

"ನಿನ್ನ ಕಳ್ಸಿರೋದು ಜನ ಎಣಿಸೋಕೋ, ತಟ್ಟೆ ಎಣಿಸೋಕೋ? ಬರ್ಕೋ."

ಬರೆದುಕೊಂಡಳು. ಅಳಿಯನ ತಾಯಿಯೂ ಮಗನ ಹೆಸರನ್ನು ತನ್ನ ಮನೆಯಲ್ಲೇ ಬರೆಸಿದ್ದಾಳೆಂದು ಇಂದು ತಿಳಿಯಿತು; ಹೀಗೆ ಅವರಿಬ್ಬರ ಮನೆ ನಿಮ್ಮ ನಕ್ಷೆಗೆ ಬರಲೇ ಇಲ್ಲ.

ಜ್ವಾಲಾಮುಖಿ ಬೆಟ್ಟದ ಬೂದಿಕೆಸರು ನದಿಗುಂಟ ಇಳಿದು ಆರು ದಿನವಾಯಿತು. ನಾಳೆ ಅಗೆಯುವ ಯಂತ್ರಗಳನ್ನು ವಾಪಸು ಕಳಿಸುತ್ತೀರೆಂದು ಕೇಳಿದೆ. ಕಳಿಸಬೇಡಿ. ಮುರಿದ ಸೇತುವೆಯಿಂದ ಕೆಳಕ್ಕೆ ಇನ್ನೂರು ಹೆಜ್ಜೆ, ದುರಿಯನ್ ಮರದ ಎಡಕ್ಕೆ ಅವರ ಮನೆಯಿತ್ತು. ಅಲ್ಲಿ ಅಗೆಯಿರಿ. ಬದುಕಿದ್ದಾರೆಂದು ನಾನು ಹೇಳುತ್ತಿಲ್ಲ. ಮೂವರು ಸಿಗಬೇಕು.

ಮಗಳನ್ನು ನಾನು ಗುರುತಿಸುತ್ತೇನೆ. ಅಳಿಯನನ್ನು ಅವನ ತಾಯಿ ಗುರುತಿಸಲಿ. ಮೂರು ವರ್ಷದ ಮೊಮ್ಮಗಳಿಗಾಗಿ ಸೂಲಗಿತ್ತಿ ಎಲ್ಮಿಯಾತಿಯನ್ನು ಕರೆಸಿ. ಅವಳು ಆ ಮನೆಗೆ ಹೋಗಿಬಂದು ಮಾಡುತ್ತಿದ್ದಳು. ನಾನು ಆ ಮಗುವನ್ನು ನೋಡಿಲ್ಲ.

ಇತಿ,
ರೋಸ್ಮಾನಿಯಾರ್
ಯುಸ್ಮಾರ್ನಿಯ ತಾಯಿ